ಬೀಜ ಕೊಟ್ಟವರಿಗೆ ಮೊದಲ ಕಾಯಿ

"ಎಲ್ಲ ಇಲ್ಲಿ ಬನ್ನಿ, ಒಂದು ತಮಾಷೆ ತೋರಿಸ್ತೀನಿ," ಎಂದು ಮೀಟರ್ ಮಾಮ ಬದನೆ ಗಿಡದ ಎಲೆಯೊಂದನ್ನು ಬೆರಳ ತುದಿಯಲ್ಲಿ ಮಗುಚಿ ಹಿಡಿದು ಕರೆದರು. ಎಲೆಯ ತಳಕ್ಕೆ ಹತ್ತಿ ಅಂಟಿಸಿದ ಹಾಗೆ ಬಿಳಿ ಹುಳ ಮುತ್ತಿತ್ತು. "ಯಾರ ಕುಂಡ ಅಂತ ನಾನು ಹೇಳಲ್ಲಪ್ಪ. ಹತ್ತಿರ ಹೋದ್ರೆ ಸುಟ್ಟ ಕಬ್ಬಿಣದ ವಾಸನೆ ಬರುತ್ತೆ, ಅಷ್ಟೇ."

ತಾರಸಿಯ ಮೇಲಿದ್ದವರೆಲ್ಲ ನಕ್ಕರು. ಕುಂಡದ ಯಜಮಾನ ವೆಲ್ಡರ್ ಮಾತ್ರ ಕೈಯಲ್ಲಿದ್ದ ನೀರಿನ ಮಗ್ಗನ್ನೇ ನೋಡುತ್ತ ನಿಂತ. ಕಿಡಿ ಹಾರಿ ಚುಕ್ಕೆ ಚುಕ್ಕೆಯಾದ ಅವನ ಮುಂಗೈಗಳ ಮೇಲೆ ಎಲ್ಲರ ಕಣ್ಣೂ ಒಂದು ಸುತ್ತು ಓಡಾಡಿ ಹೋಯಿತು.

"ಸೋಪಿನ ನೀರು ಹೊಡೆದಿದ್ದೆ ಮಾಮ," ಎಂದ.

"ಹೊಡೆದಿರ್ತೀಯ, ಯಾರು ಇಲ್ಲ ಅಂದ್ರು? ಸುತ್ತಿಗೇಲಿ ಹೊಡೆದ ಹಾಗೆ ಹೊಡೆದಿರ್ತೀಯ. ಎಲೆ ಅಡಿಗೆ ಹೊಡೀಬೇಕಯ್ಯ, ತಲೆ ಮೇಲಲ್ಲ. ಬಿಡು, ಬೆಂಕಿ ಹಿಡಿಯೋ ಕೈ ಅದು. ಹಸಿರು ಹೆದರ್ಕೊಳ್ಳುತ್ತೆ."

ಮತ್ತೆ ನಗು. ಭಾನುವಾರ ಬೆಳಿಗ್ಗೆ ಈ ಜನಕ್ಕೆ ನಗೋದಕ್ಕೆ ಒಬ್ಬ ಬೇಕು, ಈ ವರ್ಷ ಆ ಪಾಳಿ ತನ್ನದು ಎಂದು ವೆಲ್ಡರನಿಗೆ ಗೊತ್ತಿತ್ತು. ಅವರೆಲ್ಲ ನಿಂತಿದ್ದ ನೆರಳು ಅವನು ಬೆಸೆದು ಕೊಟ್ಟ ಚಪ್ಪರದ್ದು. ಶೆಡ್ಡಿನಲ್ಲಿ ಮಿಕ್ಕ ಸರಳುಗಳನ್ನು ಹೆಗಲ ಮೇಲೆ ಹೊತ್ತು ಮೆಟ್ಟಿಲು ಹತ್ತಿಸಿ, ರಜೆಯ ದಿನವೂ ಬಿಸಿಲಲ್ಲಿ ಕೂತು ಮಾಡಿದ್ದು. ಮೇಲೆ ಹಬ್ಬಿದ ಬಳ್ಳಿಯನ್ನು ಎಲ್ಲರೂ ಕತ್ತೆತ್ತಿ ಹೊಗಳುತ್ತಿದ್ದರು. ಬಳ್ಳಿ ಗಾಳಿಯಲ್ಲಿ ನಿಂತಿದೆ ಅಂತ ಅಂದುಕೊಂಡಿದ್ದರೋ ಏನೋ.

ಭಾನುವಾರದ ಸಭೆ ಅಂದರೆ ಗೋಳಿನ ಸಭೆ. ಎರಡನೇ ಮಹಡಿಯ ಟೈಲರಮ್ಮನಿಗೆ ಅಳಿಲಿನ ಕಾಟ. "ಪೂರ್ತಿ ಟೊಮೇಟೊ ತಿಂದ್ರೆ ನನಗೇನೂ ಬೇಜಾರಿಲ್ಲ ಕಣ್ರೀ. ಒಂದೊಂದಕ್ಕೂ ಒಂದೊಂದು ಸಲ ಬಾಯಿ ಹಾಕಿ ಬಿಟ್ಟು ಹೋಗುತ್ತೆ. ಅಂಗಡೀಲಿ ಎಲ್ಲ ಬಟ್ಟೇನೂ ಮಡಿಕೆ ಬಿಚ್ಚಿಸಿ ನೋಡಿ ಬರಿಗೈಲಿ ಹೋಗೋ ಗಿರಾಕಿ ಹಾಗೆ." ಬಸ್ ಕಂಡಕ್ಟರನ ಮೆಣಸಿನ ಗಿಡದಲ್ಲಿ ಹೂವು ನಿಲ್ಲುತ್ತಿರಲಿಲ್ಲ. "ಹತ್ತುತ್ತೆ, ಮುಂದಿನ ಸ್ಟಾಪಲ್ಲೇ ಇಳಿಯುತ್ತೆ," ಎಂದು ಅವನೇ ಹೇಳಿ ಅವನೇ ನಗುತ್ತಿದ್ದ. ಡ್ರಾಯಿಂಗ್ ಟೀಚರ್‌ಗೆ ತಾನಿಲ್ಲದಾಗ ತನ್ನ ಕುಂಡಗಳಿಗೆ ನೀರು ಹಾಕಿ ಹಾಕಿ ಬೇರು ಕೊಳೆಸುವ ಪುಣ್ಯಾತ್ಮರ ಮೇಲೆ ಸಿಟ್ಟು. ಬೇಸಿಗೆ ಏರುತ್ತಿತ್ತು. ಬೆಳಿಗ್ಗೆ ನೆಟ್ಟಗಿದ್ದ ಎಲೆ ಮಧ್ಯಾಹ್ನಕ್ಕೆ ಒದ್ದೆ ಬಟ್ಟೆಯ ಹಾಗೆ ಜೋತುಬೀಳುತ್ತಿತ್ತು. ಎಲ್ಲರ ಗೋಳೂ ಮುಗಿದ ಮೇಲೆ ಮೀಟರ್ ಮಾಮನ ತೀರ್ಪು.

ಕೆಲಸದಲ್ಲಿದ್ದಷ್ಟು ಕಾಲ ಮಾಮ ಮನೆಮನೆಗೆ ಹೋಗಿ, ಮೆಟ್ಟಿಲ ಕೆಳಗಿನ ಕತ್ತಲಲ್ಲಿ ಬ್ಯಾಟರಿ ಬಿಟ್ಟು ಕರೆಂಟಿನ ಮೀಟರ್ ಓದಿದವರು. ನಿವೃತ್ತಿಯಾದ ಮೇಲೆ ಓದೋದಕ್ಕೆ ಬೇರೆಯವರ ಕುಂಡಗಳು ಸಿಕ್ಕಿದ್ದವು. ಅವರಿಗೆ ಆಗದ ಮಾತು ಒಂದೇ. ಬೀಜ ಸರಿಯಿಲ್ಲ ಅಂತ ಯಾರಾದರೂ ಅಂದರೆ ಮೈಮೇಲೆ ಬಂದವರ ಹಾಗೆ ಆಡುತ್ತಿದ್ದರು. "ಬೀಜಕ್ಕೆ ಯಾಕೆ ಬೈತೀರಿ? ನೀರು ಹಾಕಿದ ಕೈ ಯಾವುದು, ಗೊಬ್ಬರ ಹಾಕಿದ ಕೈ ಯಾವುದು, ಅದನ್ನ ನೋಡ್ಕೊಳ್ಳಿ ಮೊದಲು." ಅದರಲ್ಲೂ ಸೋರೆ ಬೀಜದ ತಂಟೆಗೆ ಯಾರೂ ಹೋಗುವ ಹಾಗಿರಲಿಲ್ಲ. ಅದು ದೊಡ್ಡಕ್ಕನ ಬೀಜ.

ದೊಡ್ಡಕ್ಕ ಮಾಮನ ಒಡಹುಟ್ಟು. ತಾಯಿ ಹೋದ ಮೇಲೆ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿ, ತಾನು ಮದುವೆಯೂ ಆಗದೆ ಉಳಿದವಳು. ಈ ತಾರಸಿಗೆ ಮೊದಲ ಕುಂಡ ತಂದಿಟ್ಟವಳೂ ಅವಳೇ. ವೆಲ್ಡರ್ ಹೆಂಡತಿಯ ಜೊತೆ ಮೇಲಿನ ಒಂಟಿ ಕೋಣೆಗೆ ಬಾಡಿಗೆಗೆ ಬಂದಾಗ, ಇವನ ಶೆಡ್ಡಿನ ಬಟ್ಟೆ ನೋಡಿ ಉಳಿದವರೆಲ್ಲ ಬಾಗಿಲು ಅರ್ಧ ತೆರೆದು ಮಾತಾಡಿದ್ದರು. ಅವಳೊಬ್ಬಳೇ ಒಡೆದ ಬಕೆಟ್ಟಿಗೆ ಮಣ್ಣು ತುಂಬಿ ಅವನ ಮುಂದಿಟ್ಟು, "ಇದು ನಿನ್ನದು ಮಗಾ, ಏನಾದ್ರೂ ಹಾಕು, ಬರುತ್ತೆ," ಅಂದಿದ್ದಳು. ತಾರಸಿಯ ಕಟ್ಟಳೆಯೂ ಅವಳದೇ: ಬೀಜ ಕೊಟ್ಟವರಿಗೆ ಮೊದಲ ಕಾಯಿ. ಯಾರ ಬೀಜದಿಂದ ಬಳ್ಳಿ ಬಂತೋ, ಮೊದಲು ಬಿಟ್ಟ ಕಾಯಿ ಅವರ ಮನೆ ಬಾಗಿಲಿಗೆ ಹೋಗಬೇಕು. ಆಮೇಲೆ ನಿಮ್ಮ ಬಾಯಿಗೆ.

ಹೋದ ವರ್ಷ ಸೋರೆ ಬಳ್ಳಿ ಹೂ ಬಿಡುವ ಹೊತ್ತಿಗೆ ದೊಡ್ಡಕ್ಕನಿಗೆ ಪಾರ್ಶ್ವವಾಯು ಹೊಡೆಯಿತು. ಬಲಗಡೆ ಬಿದ್ದುಹೋಯಿತು, ಮಾತು ನಿಂತುಹೋಯಿತು. ಬೀಜದ ಕಾಯನ್ನು ಒಣಗಿಸಿ ಬೀಜ ತೆಗೆದವರು ಮಾಮ. ಈ ವರ್ಷ ಮನೆಮನೆಗೆ ಹಂಚಿದವರೂ ಅವರೇ.

ಸಭೆ ಮುಗಿದು ಎಲ್ಲರೂ ಇಳಿದ ಮೇಲೆ ವೆಲ್ಡರ್ ಚಪ್ಪರದ ತನ್ನ ಭಾಗದಲ್ಲಿ ತೂಗುತ್ತಿದ್ದ ಮೊದಲ ಸೋರೆಕಾಯಿಯನ್ನು ತಿರುಚಿ ಕಿತ್ತ. ಮೊದಲ ಕಾಯಿಯಂತೆ, ಮೊದಲ ಕಾಯಿ. ಹೆಂಡತಿಯ ಮುಂದೆ ತಂದು ಕುಕ್ಕಿದ. "ಮಾಡು. ಇವತ್ತೇ ಮಾಡು."

"ಕೆಳಗೆ ಕೊಡಬೇಕಲ್ವಾ?"

"ಕೊಡೋಣ. ಕೈ ತೊಳ್ಕೊಂಡು, ತಲೆ ಬಾಚ್ಕೊಂಡು, ಕಾಲಿಗೆ ಬಿದ್ದು ಕೊಡೋಣ. ಮಾಡೇ ಅಂದ್ರೆ."

ಅವಳು ಮಾಡಿದಳು. ವೆಲ್ಡರ್ ಬಾಯಿಗಿಟ್ಟವನೇ ಎದ್ದು ಬಚ್ಚಲಿಗೆ ಓಡಿ ಉಗಿದ. ಕಹಿ ಅಂದರೆ ಅಂಥಿಂಥ ಕಹಿಯಲ್ಲ. ನಾಲಿಗೆಯ ಬುಡ ಹಿಂಡಿದ ಹಾಗೆ, ಕಿವಿಯ ಒಳಗಿನವರೆಗೂ ಹತ್ತುವ ಕಹಿ. ಬಾಯಿ ಎಷ್ಟು ಮುಕ್ಕಳಿಸಿದರೂ ಹೋಗಲಿಲ್ಲ. ಮಾಡಿದ್ದನ್ನು ಚೆಲ್ಲಲು ಮನಸ್ಸು ಬರದ ಹೆಂಡತಿ ಉಪ್ಪು ಹುಳಿ ಸುರಿದುಕೊಂಡು ನಾಲ್ಕು ತುತ್ತು ನುಂಗಿದಳು. ಬಿಸಿಲು ಇಳಿಯುವ ಮುಂಚೆ ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಮುದುಡಿದಳು. ಅವನು ಬಚ್ಚಲಲ್ಲಿ ಅವಳ ಹಣೆ ಹಿಡಿದು ನಿಂತಿದ್ದ. ಒಳಗೆ ಏನೂ ಉಳಿಯದಿದ್ದರೂ ಅವಳು ಓಕರಿಸುತ್ತಲೇ ಇದ್ದಳು. ಕೊನೆಗೆ ಬಂದ ಹಳದಿ ನೀರಿನಲ್ಲಿ ಒಂದು ಎಳೆ ಕೆಂಪು ಇತ್ತು.

"ಗಿಡಕ್ಕೆ ಏನು ಹಾಕಿದ್ರಿ?" ಎಂದು ಗೋಡೆಗೆ ಒರಗಿಕೊಂಡು ಕೇಳಿದಳು.

"ಏನೂ ಇಲ್ಲ. ನೀರು."

ತನ್ನ ಕೈಯೇ ಸರಿಯಿಲ್ಲವೇನೋ ಎಂದು ಅವನಿಗೂ ಒಂದು ಗಳಿಗೆ ಅನ್ನಿಸಿತು. ಹಾಗೆ ಅನ್ನಿಸಿದ್ದೇ ತಡ, ಸಿಟ್ಟು ನೆತ್ತಿಗೇರಿತು. ಮಾರನೆಯ ದಿನ ಕೆಲಸಕ್ಕೆ ಹೋಗುವ ಮುಂಚೆ ಅದೇ ಬಳ್ಳಿಯ ಇನ್ನೊಂದು ಕಾಯಿ ಕಿತ್ತು, ನೆಲಮಹಡಿಯ ಮಾಮನ ಬಾಗಿಲು ತಟ್ಟಿದ. ತಿನ್ನಲಿ. ಒಂದು ತುತ್ತು ಬಾಯಿಗಿಟ್ಟರೆ ಗೊತ್ತಾಗುತ್ತೆ, ಉಗಿಯುತ್ತಾರೆ. ಬೀಜ ಅಂದರೆ ಬೀಜ ಅಂತ ಕುಣಿಯುವವರು ಒಂದು ದಿನ ನಾಲಿಗೆ ಹೊರಗೆ ಹಾಕಿಕೊಂಡು ಕೂರಲಿ. ಅಷ್ಟೇ ಅವನ ಲೆಕ್ಕ.

"ಮೊದಲ ಕಾಯಾ?" ಮಾಮ ಕಾಯನ್ನು ಬೆರಳಲ್ಲಿ ತಟ್ಟಿ ನೋಡಿದರು.

"ಹೂಂ ಮಾಮ."

"ಪರವಾಗಿಲ್ವೇ, ಬುದ್ಧಿ ಬರ್ತಾ ಇದೆ ನಿನಗೆ." ಅವರ ಹಿಂದೆ ಫಿನಾಯಿಲ್ ವಾಸನೆ. ಒಳಗಿನ ಕೋಣೆಯಲ್ಲಿ ಯಾರೋ ಗಂಟಲು ಸರಿಮಾಡಿಕೊಳ್ಳಲು ಒದ್ದಾಡುವ ಸದ್ದು. ಬಾಗಿಲು ಮುಚ್ಚಿತು.

ಆ ವಾರವೆಲ್ಲ ವೆಲ್ಡರ್ ಕಿಡಿಗಳ ನಡುವೆ ಕೂತು ಒಳಗೊಳಗೇ ನಗುತ್ತಿದ್ದ. ಭಾನುವಾರ ಎಲ್ಲರಿಗಿಂತ ಮುಂಚೆ ತಾರಸಿ ಹತ್ತಿದ. ಉಳಿದವರು ಸೇರಿದ ಮೇಲೆ ಮಾಮ ಬಂದರು, ಕೈ ಹಿಂದೆ ಕಟ್ಟಿಕೊಂಡು ಚಪ್ಪರದ ಕೆಳಗೆ ಒಂದು ಸುತ್ತು ಹಾಕಿದರು, ನೇರ ಅವನ ಮುಂದೆ ನಿಂತರು.

"ನಿನ್ನ ಕಾಯಿ ಇದ್ಯಲ್ಲಾ," ಎಂದರು. ಅವನು ಉಸಿರು ಹಿಡಿದ. "ಬೆಣ್ಣೆ ಕಣಯ್ಯ. ಬೆಣ್ಣೆ ಅಂದ್ರೆ ಬೆಣ್ಣೆ."

ವೆಲ್ಡರ್ ಅವರ ಮುಖವನ್ನೇ ನೋಡಿದ. ಮುಖದಲ್ಲಿ ಏನೂ ಇರಲಿಲ್ಲ.

"ಎಲ್ಲರದೂ ಅಷ್ಟೇ," ಮಾಮ ಉಳಿದವರ ಕಡೆ ತಿರುಗಿದರು. "ಟೈಲರಮ್ಮಂದೂ, ಕಂಡಕ್ಟರಂದೂ, ಟೀಚರದೂ. ಯಾಕೆ, ನಿಮ್ಮ ಮನೇಲಿ ಆಮೇಲೆ ಬಿಟ್ಟ ಕಾಯಿ ಹೇಗಿತ್ತು?"

"ಸಕ್ಕರೆ ಮಾಮ," ಎಂದ ಕಂಡಕ್ಟರ್, ತುಸು ಬೇಗನೆ. ಟೈಲರಮ್ಮ ತೋಳಿಗಂಟಿದ ದಾರದ ಚೂರನ್ನು ಕೀಳುತ್ತ, "ಚೆನ್ನಾಗಿತ್ತು," ಎಂದಳು. ಟೀಚರ್ ತಲೆಯಾಡಿಸಿದಳು. ಯಾರ ಕಣ್ಣೂ ಯಾರನ್ನೂ ಸೇರಲಿಲ್ಲ.

"ನೀವು ಇಷ್ಟೊಂದು ಕಾಯಿ ಕೊಟ್ಟಿದ್ದು ಒಳ್ಳೇದೇ ಆಯ್ತು," ಮಾಮ ಮುಂದುವರಿಸಿದರು. "ಅಕ್ಕಂದು ಒಂದೇ ಹಠ ಈ ವಾರ. ಬಾಯಿ ಬಿಗಿ ಹಿಡೀತಾಳೆ. ಕೊಟ್ಟಿದ್ದನ್ನ ಉಗೀತಾಳೆ. ವಾಂತಿ ಬೇರೆ. ಡಾಕ್ಟರಿಗೆ ಫೋನ್ ಮಾಡಿದೆ, ಖಾರ ಉಪ್ಪು ಇಲ್ಲದ ಹಗುರ ಊಟ ಕೊಡಿ ಅಂದ್ರು. ಸೋರೆಕಾಯಿಗಿಂತ ಹಗುರ ಇನ್ನೇನಿದೆ? ಬೇರೆಲ್ಲ ನಿಲ್ಲಿಸಿಬಿಟ್ಟೆ. ಹೊತ್ತುಹೊತ್ತಿಗೂ ಅದನ್ನೇ ಬೇಯಿಸಿ, ಹಿಸುಕಿ, ಸೋಸಿ ಕೊಡ್ತೀನಿ."

"ಕುಡೀತಾಳಾ?" ಎಂದು ಕೇಳಿದವಳು ಟೈಲರಮ್ಮ. ದನಿ ಸಣ್ಣಗಾಗಿತ್ತು.

"ಕುಡೀದೆ ಏನು ಮಾಡ್ತಾಳೆ? ಮೂಗು ಒತ್ತಿ ಹಿಡಿದ್ರೆ ಬಾಯಿ ತೆಗೀಲೇಬೇಕು. ಚಿಕ್ಕವನಿದ್ದಾಗ ನನಗೆ ಔಷಧಿ ಹಾಗೇ ಕುಡಿಸ್ತಿದ್ದಳು. ಈಗ ನನ್ನ ಸರದಿ." ಮಾಮ ನಕ್ಕರು.

"ನೀವೂ ಅದನ್ನೇ ಉಣ್ತೀರಾ ಮಾಮ?" ಎಂದು ಕೇಳಿದ ವೆಲ್ಡರ್.

"ನಾನಾ? ಆ ಸಪ್ಪೆ ಗಂಜೀನ ನಾನು ತಿಂತೀನೇನೋ? ನಂದು ಮೂಲೆ ಹೋಟೆಲ್."

"ಮತ್ತೆ ಬೆಣ್ಣೆ ಅಂದ್ರಲ್ಲ?"

"ಚಾಕು ಇಳಿಯೋದ್ರಲ್ಲೇ ಗೊತ್ತಾಗುತ್ತಯ್ಯ. ತಿಂದೇ ನೋಡ್ಬೇಕೇನು?" ಎಂದು, ಊಟದ ಹೊತ್ತಾಯಿತು ಎನ್ನುತ್ತ ಮಾಮ ಇಳಿದುಹೋದರು.

ಉಳಿದ ಮೂವರೂ ಇಳಿಯಲು ಹೊರಟಾಗ ವೆಲ್ಡರ್ ಮೆಟ್ಟಿಲ ಬಾಗಿಲಿಗೆ ಅಡ್ಡ ನಿಂತ.

"ನಿಮ್ಮನೆ ಕಾಯಿ ಹೇಗಿತ್ತು? ನಿಜ ಹೇಳಿ."

ಕಂಡಕ್ಟರ್ ತಲೆ ಕೆರೆದುಕೊಂಡ. "ಕಹಿ ಇತ್ತಪ್ಪ. ಗೊಬ್ಬರ ಜಾಸ್ತಿಯಾಯ್ತೇನೋ ಅಂದ್ಕೊಂಡೆ. ಹೇಳಿದ್ರೆ ಎಲ್ಲರ ಮುಂದೆ ಮಾನ ಹರಾಜು ಹಾಕ್ತಾರೆ."

"ನಂದೂ," ಎಂದಳು ಟೈಲರಮ್ಮ. "ನೀರು ಕಮ್ಮಿಯಾಗಿ ಹಾಗಾಯ್ತು ಅಂತ ಎಸೆದುಬಿಟ್ಟೆ."

ಟೀಚರ್ ಗೋಡೆ ಹಿಡಿದುಕೊಂಡಳು. "ಹೋದ ವರ್ಷ ನಾನು ಬುರುಡೆ ಸೋರೆ ಹಾಕಿದ್ದೆನಲ್ಲ, ಒಣಗಿಸಿ ಬಣ್ಣ ಬಳಿಯೋಕೆ? ಅವರ ಬಳ್ಳಿ ಪಕ್ಕದಲ್ಲೇ ಇತ್ತು. ಅದು ತಿನ್ನೋ ಜಾತಿಯಲ್ಲ. ವಿಷ ಅದು. ಅದರ ಪರಾಗ ಇದಕ್ಕೆ ಬಿದ್ದು..."

"ಅದಕ್ಕೇ," ಎಂದಳು ಟೈಲರಮ್ಮ, ಯಾರಿಗೂ ಅಲ್ಲದ ಹಾಗೆ. "ದೊಡ್ಡಕ್ಕ ವರ್ಷಾವರ್ಷ ಬಂದು ನನ್ನ ಹತ್ರ ದಾರ ಇಸ್ಕೊಂಡು ಹೋಗೋಳು. ಬೀಜಕ್ಕೆ ಬಿಡೋ ಹೂವಿನ ಬಾಯಿ ಸಂಜೆ ಅರಳೋಕೆ ಮುಂಚೆ ಕಟ್ಟಬೇಕು, ಕಂಡಕಂಡ ಹುಳ ಒಳಗೆ ಹೋಗಬಾರದು ಅನ್ನೋಳು. ತಾನೇ ಗಂಡು ಹೂ ತಂದು ಮುಟ್ಟಿಸಿ ಮತ್ತೆ ಕಟ್ಟೋಳು. ಹೋದ ವರ್ಷ ದಾರ ಕೇಳೋಕೆ ಯಾರೂ ಬರಲಿಲ್ಲ."

ಕೆಳಗೆ ಎಲ್ಲೋ ಕುಕ್ಕರ್ ಕೂಗಿತು. ನಾಲ್ವರೂ ಕೇಳಿಸಿಕೊಂಡರು.

"ಯಾರಾದ್ರೂ ಹೋಗಿ ಹೇಳಬೇಕು," ಎಂದ ಕಂಡಕ್ಟರ್. "ನೀನೇ ಹೋಗು. ನಿಂದು ಬಾಯಿ ಜೋರು."

"ಥೂ, ನಿಮ್ಮ!" ವೆಲ್ಡರ್ ಸಿಡಿದ. "ವಾರವೆಲ್ಲ ಗೊತ್ತಿತ್ತು ನಿಮಗೆ. ಬಾಯಲ್ಲಿಟ್ಟು ಉಗಿದಿದೀರಿ. ಸಕ್ಕರೆಯಂತೆ, ಸಕ್ಕರೆ. ಯಾಕೆ ಹೇಳಲಿಲ್ಲ?"

"ನೀನ್ಯಾಕೆ ಹೇಳಲಿಲ್ಲ?" ಎಂದಳು ಟೈಲರಮ್ಮ.

ಅವನು ಬಾಯಿ ತೆರೆದ. ಬಚ್ಚಲಿನ ನೆಲ, ಹಳದಿ ನೀರು, ಅದರಲ್ಲಿ ತೇಲಿದ ಕೆಂಪು ಎಳೆ ಕಣ್ಣ ಮುಂದೆ ಬಂತು. ತಿರುಗಿ ಮೆಟ್ಟಿಲು ಹಾರುತ್ತ ಇಳಿದ.

ಮಾಮನ ಮನೆಯ ಬಾಗಿಲು ಓರೆಯಾಗಿತ್ತು. ಅಡುಗೆಮನೆಯ ನೆಲದ ಮೇಲೆ ಗೋಣಿಚೀಲ ಹಾಸಿ ಸೋರೆಕಾಯಿಗಳನ್ನು ಸಾಲಾಗಿ ಮಲಗಿಸಿತ್ತು. ಎಲ್ಲ ಮನೆಗಳಿಂದ ಬಂದ ಕಾಯಿಗಳಲ್ಲಿ ಉಳಿದವು, ತಿಳಿಹಸಿರು, ನುಣುಪು, ನೋಡಲು ಒಂದಕ್ಕಿಂತ ಒಂದು ಚೆಂದ. ಒಳಕೋಣೆಯಲ್ಲಿ ದೊಡ್ಡಕ್ಕನನ್ನು ದಿಂಬುಗಳಿಗೆ ಒರಗಿಸಿ ಕೂರಿಸಿ, ಕತ್ತಿಗೆ ಟವೆಲ್ ಸುತ್ತಿತ್ತು. ಇವಳೇನಾ ಅಂತ ಅವನಿಗೆ ಗುರುತೇ ಹತ್ತಲಿಲ್ಲ. ಕೆನ್ನೆ ಒಳಗೆ ಎಳೆದುಕೊಂಡಿತ್ತು, ತುಟಿ ಬೂದಿಯ ಬಣ್ಣಕ್ಕೆ ತಿರುಗಿತ್ತು. ಮಾಮ ಮಂಚದ ಅಂಚಿನಲ್ಲಿ ಕೂತು ಸ್ಟೀಲಿನ ಬಟ್ಟಲಿನಲ್ಲಿ ಚಮಚ ತಿರುವುತ್ತ ಬಿಸಿ ಆರಿಸುತ್ತಿದ್ದರು. ಅವಳು ಬಾಗಿಲಲ್ಲಿ ನಿಂತವನನ್ನು ನೋಡಿದಳು. ಆ ಕಣ್ಣು ಮಾತ್ರ ಹಳೆಯದು.

"ಮಾಮ, ಅದನ್ನ ಕೊಡಬೇಡಿ."

"ಏನಯ್ಯಾ, ಚಪ್ಪಲಿ ಹಾಕ್ಕೊಂಡೇ ನುಗ್ಗಿದೀಯಲ್ಲ!"

"ಅದು ವಿಷ ಮಾಮ. ಕಹಿ. ಎಲ್ಲರದೂ ಕಹಿ. ಮೇಲೆ ಎಲ್ಲರೂ ನಿಮಗೆ ಹೆದರಿ ಸುಳ್ಳು ಹೇಳಿದ್ದು."

ಮಾಮನ ಚಮಚ ನಿಂತಿತು. "ಓಹೋ. ನಿನ್ನ ಗಿಡಕ್ಕೆ ಹುಳ ಬಿದ್ದಿದೆ ಅಂದೆ ಅಂತ ಈಗ ನನ್ನಕ್ಕನ ಬೀಜಕ್ಕೇ ಬಂದ್ಯಾ? ಅವಳು ಜೀವಮಾನವೆಲ್ಲ ಕಾಪಾಡಿದ ಬೀಜ ಕಣೋ ಇದು."

"ಹೌದು, ಅವಳು ಕಾಪಾಡಿದಳು. ಹೋದ ವರ್ಷ ಹೂವಿಗೆ ದಾರ ಕಟ್ಟಿದವರು ಯಾರು?"

"ಯಾವ ದಾರ?" ಮಾಮ ಒಂದು ಕ್ಷಣ ಯೋಚಿಸಿದರು. "ಆ ಕೆಂಪು ದಾರವಾ? ಅದು ಗುರುತಿಗೆ ಕಟ್ಟೋದು. ಯಾವ ಕಾಯಿ ಬೀಜಕ್ಕೆ ಬಿಡಬೇಕು ಅಂತ." ಹೇಳಿ ಅಕ್ಕನ ಕಡೆ ನೋಡಿದರು. "ಅಲ್ವೇನಕ್ಕಾ?"

ದೊಡ್ಡಕ್ಕ ಕಣ್ಣು ಮುಚ್ಚಿಕೊಂಡಳು. ಮುಚ್ಚಿದ ರೆಪ್ಪೆಯ ಸಂದಿಯಿಂದ ನೀರು ಇಳಿದು ಟವೆಲ್ಲಿಗೆ ಹೋಯಿತು.

"ಅವಳು ಹಠ ಮಾಡ್ತಿರಲಿಲ್ಲ ಮಾಮ," ವೆಲ್ಡರ್ ಎಂದ. "ನನ್ನ ಹೆಂಡತಿ ನಾಲ್ಕು ತುತ್ತು ತಿಂದು ರಕ್ತ ಕಾರಿದಳು. ಅದಾದ ಮೇಲೇನೇ ನಾನು ನಿಮಗೆ ಕೊಟ್ಟಿದ್ದು. ಗೊತ್ತಿದ್ದೇ ಕೊಟ್ಟೆ. ನೀವು ಬಾಯಿಗಿಡ್ತೀರಿ, ಉಗೀತೀರಿ ಅಂದ್ಕೊಂಡೆ. ಇವಳಿಗೆ ಹೋಗುತ್ತೆ ಅಂತ ನನಗೆ ಗೊತ್ತಿರಲಿಲ್ಲ."

ಮಾಮ ಅವನ ಮುಖವನ್ನು ಬಹಳ ಹೊತ್ತು ನೋಡಿದರು. ಮೊದಲ ಸಲ ಸರಿಯಾಗಿ ನೋಡಿದ ಹಾಗೆ ನೋಡಿದರು. ಬಯ್ಯುತ್ತಾರೆ, ಎದ್ದು ಬಂದು ಹೊಡೆಯುತ್ತಾರೆ ಎಂದು ಅವನು ಕಾದ. ಹೊಡೆದರೆ ಸಾಕಾಗಿತ್ತು.

"ನಂಬಿಕೆ ಇಲ್ಲ ಅಂದ್ರೆ ಒಂದು ಚಮಚ ಬಾಯಿಗಿಡಿ," ಎಂದ.

ಮಾಮ ಬಟ್ಟಲನ್ನು ಮೂಗಿನ ಹತ್ತಿರ ತಂದರು. ಆಮೇಲೆ ಚಮಚ ತುಂಬ ಎತ್ತಿ ಬಾಯಿಗಿಟ್ಟರು. ಅವರ ಮುಖ ಒಮ್ಮೆಲೇ ಕಿವುಚಿಕೊಂಡಿತು. ಗಂಟಲ ಗಂಟು ಮೇಲಕ್ಕೆ ಹೋಗಿ ಅಲ್ಲೇ ನಿಂತಿತು. ಉಗಿಯುತ್ತಾರೆ ಎಂದು ವೆಲ್ಡರ್ ಬಕೆಟ್ ಹುಡುಕಿದ. ಅಷ್ಟರಲ್ಲಿ ಗಂಟು ಕೆಳಗಿಳಿಯಿತು.

"ಗೊತ್ತಾಯ್ತಲ್ಲ? ಕೊಡಿ ಇತ್ತ. ಆಟೋ ತರ್ತೀನಿ, ಆಸ್ಪತ್ರೆಗೆ ಹೋಗೋಣ." ಅವನು ಬಟ್ಟಲಿಗೆ ಕೈ ಚಾಚಿದ.

ಮಾಮ ಬಟ್ಟಲನ್ನು ಎದೆಗೆ ಒತ್ತಿಕೊಂಡು ಭುಜ ತಿರುಗಿಸಿದರು. ಎರಡನೇ ಚಮಚ ಎತ್ತಿದರು. ನುಂಗಿದರು. ಆಮೇಲೆ ಇನ್ನೊಂದು.

"ಮಾಮ, ಏನು ಮಾಡ್ತಿದೀರಿ? ಸಾಕು. ಮಾಮ!"

ಅವರಿಗೆ ಕೇಳಿಸಿದ ಹಾಗೆ ಕಾಣಲಿಲ್ಲ. ಕಣ್ಣು ಬಟ್ಟಲಿನೊಳಗೇ ಇತ್ತು. ಹಣೆಯ ಮೇಲೆ ಬೆವರು ಮೂಡಿ ಮೂಗಿನ ತುದಿಗೆ ಇಳಿಯುತ್ತಿತ್ತು. ವೆಲ್ಡರ್ ಅವರ ಮಣಿಕಟ್ಟು ಹಿಡಿದೆಳೆದ. ಕಬ್ಬಿಣ ಬಗ್ಗಿಸುವ ಅವನ ಕೈಗೆ ಆ ಮುದಿ ಕೈ ಬಗ್ಗಲಿಲ್ಲ. ಚಮಚ ಬಟ್ಟಲಿನ ತಳವನ್ನು ಕೆರೆಯುತ್ತಿತ್ತು.

ದೊಡ್ಡಕ್ಕ ಕಣ್ಣು ತೆರೆದಿದ್ದಳು. ತಮ್ಮನ ಚಮಚ ಮೇಲೆ ಏಳುತ್ತಿದ್ದಂತೆ ಅವಳ ಸೊಟ್ಟಗಾದ ತುಟಿಗಳು, ಮಗುವಿಗೆ ತುತ್ತಿಡುವವಳ ತುಟಿಗಳ ಹಾಗೆ, ಮೆಲ್ಲನೆ ಬಿಟ್ಟುಕೊಂಡವು. ತಮ್ಮ ನುಂಗಿದಾಗ ಮುಚ್ಚಿಕೊಂಡವು. ಚಮಚ ಮತ್ತೆ ಎದ್ದಿತು. ಅವಳ ಬಾಯಿ ಮತ್ತೆ ತೆರೆಯಿತು.